ಸಾಂಕೇತಿಕ ತರ್ಕದ ಸಾಧನೆಗಳನ್ನು ಬಿಡಿಸುವ ಕ್ರಮ

ಸಾಂಕೇತಿಕ ತರ್ಕಶಾಸ್ತ್ರವನ್ನು ಹೊಸದಾಗಿ ಅಭ್ಯಸಿಸತೊಡಗಿದ ವಿದ್ಯಾರ್ಥಿಗಳು, ಅವರು ತತ್ತ್ವಶಾಸ್ತ್ರದ ತರಗತಿಯವರಾಗಿರಲಿ, ಗಣಿತದವರಾಗಿರಲಿ, ಕಂಪ್ಯೂಟರ್ ವಿಜ್ಞಾನದವರಾಗಿರಲಿ, ಸಾಮಾನ್ಯವಾಗಿ ಒಂದೇ ಬಗೆಯ ಕಷ್ಟವನ್ನು ಹೇಳಿಕೊಳ್ಳುತ್ತಾರೆ. ನಿಯಮಗಳೆಲ್ಲವೂ ಕಂಠಸ್ಥವಾಗಿವೆ, ಪಠ್ಯಪುಸ್ತಕದಲ್ಲಿ ಬಿಡಿಸಿ ತೋರಿಸಿದ ಸಾಧನೆಯನ್ನು ಓದಿದರೆ ಒಂದೊಂದು ಪಂಕ್ತಿಯೂ ತಿಳಿಯುತ್ತದೆ, ಆದರೆ ಅಭ್ಯಾಸಕ್ಕೆಂದು ಕೊಟ್ಟಿರುವ ಹೊಸ ಸಮಸ್ಯೆಯೊಂದನ್ನು ಕೈಗೆತ್ತಿಕೊಂಡೊಡನೆ ಎಲ್ಲಿಂದ ಆರಂಭಿಸಬೇಕೆಂಬುದೇ ತೋಚದಂತಾಗುತ್ತದೆ. ಈ ಕಷ್ಟದ ಮೂಲವಿರುವುದು ಸಾಧನೆಯನ್ನು ಬರೆಯುವ ಕ್ರಮವೂ ಅದನ್ನು ಕಂಡುಹಿಡಿಯುವ ಕ್ರಮವೂ ಒಂದಕ್ಕೊಂದು ವಿಪರೀತವಾಗಿರುವುದರಲ್ಲಿ. ಬರೆಯುವುದು ದತ್ತದಿಂದ ಸಾಧನೀಯಕ್ಕೆ, ಮೇಲಿನಿಂದ ಕೆಳಕ್ಕೆ. ಹುಡುಕುವುದು ಬಹುಮಟ್ಟಿಗೆ ಸಾಧನೀಯದಿಂದ ದತ್ತಕ್ಕೆ, ಕೆಳಗಿನಿಂದ ಮೇಲಕ್ಕೆ. ಕ್ರಿಸ್ತಶಕ ನಾಲ್ಕನೆಯ ಶತಮಾನದ ಅಲೆಕ್ಸಾಂಡ್ರಿಯದ ರೇಖಾಗಣಿತಜ್ಞ ಪಾಪ್ಪಸನು, ಬೇಕಾದುದನ್ನು ದೊರೆತಂತೆಯೇ ಭಾವಿಸಿಕೊಂಡು ಅದು ಯಾವುದರಿಂದ ಬರಬಲ್ಲದೆಂದು ಹಿಂದುಹಿಂದಕ್ಕೆ ಕೇಳುತ್ತ ಹೋಗುವ ಈ ಮಾರ್ಗವನ್ನು ವಿಶ್ಲೇಷಣೆಯೆಂದು ವರ್ಣಿಸಿದ್ದಾನೆ. ತರ್ಕದ ಅಭ್ಯಾಸಗಳಿಗೆ ಇದಕ್ಕಿಂತ ಒಳ್ಳೆಯ ಮಾರ್ಗ ಬೇರೆ ಇಲ್ಲ.

ಇಂದು ಕಾಲೇಜುಗಳಲ್ಲಿ ಕಲಿಸುವ ಸಾಧನಪದ್ಧತಿ ಬಹಳ ಹಳೆಯದಲ್ಲ. 1926ರಲ್ಲಿ ವಾರ್ಸಾದ ವಿದ್ವಾಂಸ ಯಾನ್ ವುಕಾಶೇವಿಚ್, ಗಣಿತಜ್ಞರು ನಿಜವಾಗಿ ತರ್ಕಿಸುವುದು ಸ್ವಯಂಸಿದ್ಧ ಸೂತ್ರಗಳಿಂದಲ್ಲ, ಏನನ್ನಾದರೂ ಊಹಿಸಿಕೊಂಡು ಅದರ ಫಲವನ್ನು ನೋಡುವುದರಿಂದ, ಆ ರೀತಿಯನ್ನೇ ನಿಯಮಬದ್ಧಗೊಳಿಸಲಾಗದೆ ಎಂದು ತನ್ನ ಶಿಷ್ಯರನ್ನು ಪ್ರಶ್ನಿಸಿದನು. ಅವರಲ್ಲೊಬ್ಬನಾದ ಸ್ಟಾನಿಸ್ಲಾವ್ ಯಾಶ್ಕೋವ್ಸ್ಕಿ 1934ರಲ್ಲಿ ತನ್ನ ಉತ್ತರವನ್ನು ಪ್ರಕಟಿಸಿದನು. ಅದೇ ಸುಮಾರಿನಲ್ಲಿ ಜರ್ಮನಿಯ ಗೆರ್ಹಾರ್ಡ್ ಗೆಂಟ್ಸೆನ್ ಸ್ವತಂತ್ರವಾಗಿ ಅಂಥದೇ ಪದ್ಧತಿಯನ್ನು ರೂಪಿಸಿದನು. ಊಹೆಯ ಅಧೀನದಲ್ಲಿರುವ ಪಂಕ್ತಿಗಳನ್ನು ಎಡಗಡೆ ಗೆರೆಯೆಳೆದು ಒಳಕ್ಕೆ ಸರಿಸಿ ಬರೆಯುವ ವಾಡಿಕೆಯನ್ನು ಫ್ರೆಡರಿಕ್ ಫಿಚ್ 1952ರ ತನ್ನ ಗ್ರಂಥದಿಂದ ಜನಪ್ರಿಯಗೊಳಿಸಿದನು. ಈ ಚರಿತ್ರೆಯನ್ನು ಸ್ಮರಿಸಿದ್ದೇಕೆಂದರೆ, ಊಹಿಸುವುದು ಇಲ್ಲಿ ಅಪವಾದವಲ್ಲ, ಪದ್ಧತಿಯ ಜೀವಾಳ. ಧೈರ್ಯವಾಗಿ ಊಹಿಸಲು ಕಲಿಯದವರಿಗೆ ಈ ಶಾಸ್ತ್ರ ಒಲಿಯುವುದಿಲ್ಲ.

ಸಂಕೇತಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಪ, ಕ, ರ ಮುಂತಾದ ಅಕ್ಷರಗಳು ವಾಕ್ಯಗಳನ್ನು ಸೂಚಿಸುತ್ತವೆ. ∧ ಎಂದರೆ ‘ಮತ್ತು’, ∨ ಎಂದರೆ ‘ಅಥವಾ’, ಎರಡೂ ನಿಜವಾಗಿರಬಹುದೆಂಬ ಅರ್ಥದಲ್ಲಿ. ಪ→ಕ ಎಂದರೆ ‘ಪ ಆದರೆ ಕ’. ¬ಪ ಎಂದರೆ ‘ಪ ಅಲ್ಲ’. ಬಾಣದ ಹಿಂದಿನದನ್ನು ಪೂರ್ವಾಂಗವೆಂದೂ ಮುಂದಿನದನ್ನು ಉತ್ತರಾಂಗವೆಂದೂ ಕರೆಯೋಣ.

ಮೊದಲು ಮಾಡತಕ್ಕದ್ದು ಪ್ರೌಢಶಾಲೆಯ ರೇಖಾಗಣಿತದಲ್ಲಿ ಮಾಡುತ್ತಿದ್ದುದೇ. ದತ್ತವಾಕ್ಯಗಳನ್ನು ಕಾಗದದ ತಲೆಯಲ್ಲಿ ಕ್ರಮಸಂಖ್ಯೆಯೊಡನೆ ಬರೆಯಿರಿ. ಸಾಧನೀಯವನ್ನು ಅದೇ ಕಾಗದದ ಬುಡದಲ್ಲಿ ಬರೆಯಿರಿ. ನಡುವಣ ಜಾಗವನ್ನು ಖಾಲಿ ಬಿಡಿರಿ. ಬುಡದಲ್ಲಿ ಬರೆದುಕೊಳ್ಳುವ ಈ ಚಿಕ್ಕ ಅಭ್ಯಾಸವೇ ಕೆಳಗಿನಿಂದ ಯೋಚಿಸುವಂತೆ ಕೈಯನ್ನು ಪಳಗಿಸುತ್ತದೆ.

ಸಾಧಿಸಬೇಕಾದುದು ನಿಜವಾಗಿ ಸಾಧ್ಯವೇ ಎಂಬ ಸಂದೇಹ ಬಂದರೆ, ಸಾಧನೀಯವನ್ನು ಸುಳ್ಳೆಂದೂ ದತ್ತಗಳನ್ನೆಲ್ಲ ನಿಜವೆಂದೂ ಇಟ್ಟುಕೊಂಡು ಅಕ್ಷರಗಳಿಗೆ ಬೆಲೆ ಕೊಟ್ಟು ನೋಡಿರಿ. ಹಾಗೆ ಕೊಡಲು ಸಾಧ್ಯವಾದರೆ ದತ್ತಗಳಿಂದ ಸಾಧನೀಯಕ್ಕೆ ಹೋಗುವ ಆ ಅನುಮಾನವೇ ಅಸಿಂಧು. ಅದಕ್ಕೆ ಸಾಧನೆಯನ್ನು ಹುಡುಕುವುದು ವ್ಯರ್ಥ. ಸತ್ಯಪಟ್ಟಿಯಲ್ಲಿ ಮೂರು ಅಕ್ಷರಗಳಿಗೆ 8 ಸಾಲು, ನಾಲ್ಕಕ್ಕೆ 16, ಐದಕ್ಕೆ 32 ಆಗುವುದರಿಂದ, ಪೂರ್ತಿ ಪಟ್ಟಿಗಿಂತ ಈ ಸುಳ್ಳು ಹಿಡಿಯುವ ಉಪಾಯವೇ ಮೇಲು. ಉದಾಹರಣೆಗೆ ಪ→ಕ ಎಂಬುದರಿಂದ ಕ→ಪ ಬರುವುದಿಲ್ಲ. ನಮ್ಮ ನೈಯಾಯಿಕರು ಇದನ್ನು ಬಹು ಹಿಂದೆಯೇ ಸ್ಪಷ್ಟಪಡಿಸಿದ್ದಾರೆ: ಹೊಗೆಯಿರುವಲ್ಲೆಲ್ಲ ಬೆಂಕಿಯಿರುವುದು ನಿಶ್ಚಯ, ಆದರೆ ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಆ ಗುಂಡು ಕ ನಿಜವಾಗಿ ಪ ಸುಳ್ಳಾಗಿರುವ ಸನ್ನಿವೇಶ.

ಎರಡನೆಯ ಹೆಜ್ಜೆ, ಸಾಧನೀಯದ ಮುಖ್ಯ ಸಂಯೋಜಕ ಯಾವುದೆಂದು ಗುರುತಿಸುವುದು. ವಾಕ್ಯವನ್ನು ಕಟ್ಟುವಾಗ ಕಟ್ಟಕಡೆಗೆ ಹಾಕಿದ ಸಂಕೇತ ಯಾವುದೋ ಅದೇ ಮುಖ್ಯ ಸಂಯೋಜಕ. ¬(ಪ∨ಕ) ಎಂಬುದು ನಿಷೇಧವಾಕ್ಯ. ¬ಪ∨ಕ ಎಂಬುದು ‘ಅಥವಾ’ ವಾಕ್ಯ. ಆವರಣಚಿಹ್ನೆಯೊಂದರಿಂದ ಹೀಗೆ ವಾಕ್ಯದ ಜಾತಿಯೇ ಬದಲಾಗುವುದರಿಂದ ಇಲ್ಲಿ ಅವಸರ ಕೂಡದು.

ಮೂರನೆಯ ಹೆಜ್ಜೆಯೇ ಇಡೀ ಕಲೆಯ ಸಾರ. ಸಾಧನೀಯದ ರೂಪವೇ ಏನು ಮಾಡಬೇಕೆಂಬುದನ್ನು ಹೇಳಿಕೊಡುತ್ತದೆ. ಅದು ‘ಮತ್ತು’ ವಾಕ್ಯವಾದರೆ ಎರಡು ಭಾಗಗಳನ್ನೂ ಬೇರೆಬೇರೆಯಾಗಿ ಸಾಧಿಸಿ ಕೂಡಿಸಬೇಕು. ‘ಆದರೆ’ ವಾಕ್ಯವಾದರೆ ಪೂರ್ವಾಂಗವನ್ನು ಊಹೆಯಾಗಿ ಬರೆದುಕೊಂಡು ಉತ್ತರಾಂಗವನ್ನು ಹೊಸ ಸಾಧನೀಯವನ್ನಾಗಿ ಇಟ್ಟುಕೊಳ್ಳಬೇಕು. ನಿಷೇಧವಾಕ್ಯವಾದರೆ ನಿಷೇಧಿಸಲ್ಪಟ್ಟುದನ್ನು ಊಹಿಸಿ ಅದರಿಂದ ವಿರೋಧವನ್ನು, ಅಂದರೆ ಒಂದು ವಾಕ್ಯವನ್ನೂ ಅದರ ನಿಷೇಧವನ್ನೂ, ಹೊರಡಿಸಬೇಕು. ಬರಿಯ ಅಕ್ಷರವಾದರೆ, ದತ್ತಗಳಲ್ಲಿ ಆ ಅಕ್ಷರ ಯಾವ ಬಾಣದ ಮುಂದಿದೆಯೆಂದು ನೋಡಿ, ಆ ಬಾಣದ ಪೂರ್ವಾಂಗವನ್ನೇ ಹೊಸ ಸಾಧನೀಯವನ್ನಾಗಿ ಮಾಡಿಕೊಳ್ಳಬೇಕು. ‘ಅಥವಾ’ ವಾಕ್ಯ ಮಾತ್ರ ಸ್ವಲ್ಪ ಹಟಮಾರಿ: ಅದರ ಒಂದು ಪಕ್ಷ ನೇರವಾಗಿ ಸಿದ್ಧಿಸುವುದಾದರೆ ಅಲ್ಲಿಗೇ ಕೆಲಸ ಮುಗಿಯಿತು, ಇಲ್ಲದಿದ್ದರೆ ದತ್ತಗಳಲ್ಲಿರುವ ಇನ್ನೊಂದು ‘ಅಥವಾ’ ವಾಕ್ಯವನ್ನು ಹಿಡಿದು ಎರಡು ಪಕ್ಷಗಳನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು, ಅದೂ ಇಲ್ಲದಿದ್ದರೆ ಪರೋಕ್ಷ ಸಾಧನೆಗೆ, ಅಂದರೆ ಸಾಧನೀಯದ ನಿಷೇಧವನ್ನು ಊಹಿಸಿ ವಿರೋಧವನ್ನು ಹೊರಡಿಸುವ ಮಾರ್ಗಕ್ಕೆ, ಶರಣು ಹೋಗಬೇಕು.

ಒಂದು ಉದಾಹರಣೆಯಿಂದ ಇದು ವಿಶದವಾದೀತು. ದತ್ತ: (ಪ∧ಕ)→ರ. ಸಾಧನೀಯ: ಪ→(ಕ→ರ). ಸಾಧನೀಯ ‘ಆದರೆ’ ವಾಕ್ಯ. ಆದುದರಿಂದ ಪ ಎಂದು ಊಹಿಸುತ್ತೇವೆ, ಬೇಕಾದುದು ಕ→ರ. ಅದೂ ‘ಆದರೆ’ ವಾಕ್ಯ. ಕ ಎಂದು ಊಹಿಸುತ್ತೇವೆ, ಬೇಕಾದುದು ರ. ರ ಎಂಬುದು ದತ್ತದ ಬಾಣದ ಮುಂದಿದೆ. ಆದುದರಿಂದ ಬೇಕಾದುದು ಪ∧ಕ. ಅದರ ಎರಡು ಭಾಗಗಳೂ ಆಗಲೇ ಊಹೆಗಳಾಗಿ ನಮ್ಮ ಕೈಯಲ್ಲಿವೆ! ಇನ್ನುಳಿದುದು ಬರೆಯುವುದಷ್ಟೆ:

1. (ಪ∧ಕ)→ರ : ದತ್ತ
2. ಪ : ಊಹೆ
3. ಕ : ಊಹೆ
4. ಪ∧ಕ : 2 ಮತ್ತು 3ನ್ನು ಕೂಡಿಸಿ
5. ರ : 1ರ ಪೂರ್ವಾಂಗ 4ರಲ್ಲಿ ಸಿದ್ಧವಾದುದರಿಂದ
6. ಕ→ರ : 3ರಿಂದ 5, ಮೂರನೆಯ ಪಂಕ್ತಿಯ ಊಹೆ ಇಲ್ಲಿಗೆ ಮುಗಿಯಿತು
7. ಪ→(ಕ→ರ) : 2ರಿಂದ 6, ಎರಡನೆಯ ಪಂಕ್ತಿಯ ಊಹೆಯೂ ಮುಗಿಯಿತು

ಏಳು ಪಂಕ್ತಿಗಳಲ್ಲಿ ಒಂದನ್ನೂ ಅದೃಷ್ಟದ ಮೇಲೆ ಬರೆದಿಲ್ಲವೆಂಬುದನ್ನು ಗಮನಿಸಬೇಕು.

ಈಗ ಆರಂಭದ ಅಭ್ಯಾಸಗಳಲ್ಲೆಲ್ಲ ಅತ್ಯಂತ ಹೆಸರುವಾಸಿಯಾದ, ಬಹುಮಂದಿಯನ್ನು ಕಂಗೆಡಿಸುವ ಸಮಸ್ಯೆಯನ್ನು ನೋಡೋಣ: ದತ್ತವೇನೂ ಇಲ್ಲದೆ ಪ∨¬ಪ ಎಂಬುದನ್ನು ಸಾಧಿಸುವುದು. ಇದು ‘ಅಥವಾ’ ವಾಕ್ಯ. ಪ ಒಂದನ್ನೇ ಸಾಧಿಸಲು ಆಧಾರವಿಲ್ಲ, ¬ಪ ಒಂದನ್ನೇ ಸಾಧಿಸಲೂ ಆಧಾರವಿಲ್ಲ, ಪಕ್ಷಗಳಾಗಿ ಒಡೆಯಲು ದತ್ತವಿಲ್ಲ. ಉಳಿದದ್ದು ಪರೋಕ್ಷ ಮಾರ್ಗ: ¬(ಪ∨¬ಪ) ಎಂದು ಊಹಿಸಿ ವಿರೋಧವನ್ನು ಹುಡುಕುವುದು. ಇಲ್ಲಿಯವರೆಗೆ ಎಲ್ಲರೂ ಬರುತ್ತಾರೆ, ಇಲ್ಲಿಯೇ ಎಲ್ಲರೂ ನಿಲ್ಲುತ್ತಾರೆ. ನಿಂತಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಕೈಯಲ್ಲಿರುವುದು ಒಂದೇ ಒಂದು ನಿಷೇಧವಾಕ್ಯವಾಗಿರುವಾಗ ವಿರೋಧ ಎಲ್ಲಿಂದ ಬರಬಲ್ಲದು? ನಿಷೇಧಿಸಲ್ಪಟ್ಟ ಆ ವಾಕ್ಯವನ್ನೇ ಸಾಧಿಸಿದರೆ ಮಾತ್ರ ಬರಬಲ್ಲದು. ಅಂದರೆ ಹೊಸ ಸಾಧನೀಯ ಮತ್ತೆ ಪ∨¬ಪ! ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದಂತೆ ಕಂಡರೂ ಹಾಗಲ್ಲ. ಹೊರಟಾಗ ಬರಿಗೈಯಾಗಿತ್ತು, ಈಗ ಊಹೆಯೊಂದಿದೆ, ಅದರ ಬಲದಿಂದ ¬ಪ ಎಂಬುದನ್ನು ಸಾಧಿಸಲು ಯತ್ನಿಸಬಹುದು. ¬ಪ ನಿಷೇಧವಾಕ್ಯವಾದುದರಿಂದ ಪ ಎಂದು ಊಹಿಸುತ್ತೇವೆ.

1. ¬(ಪ∨¬ಪ) : ಊಹೆ
2. ಪ : ಊಹೆ
3. ಪ∨¬ಪ : 2ರಿಂದ
4. ವಿರೋಧ : 1 ಮತ್ತು 3
5. ¬ಪ : 2ರಿಂದ 4, ಎರಡನೆಯ ಪಂಕ್ತಿಯ ಊಹೆ ಮುಗಿಯಿತು
6. ಪ∨¬ಪ : 5ರಿಂದ
7. ವಿರೋಧ : 1 ಮತ್ತು 6
8. ಪ∨¬ಪ : 1ರಿಂದ 7, ಮೊದಲನೆಯ ಊಹೆಯೂ ಮುಗಿಯಿತು

ಮೂರನೆಯ ಪಂಕ್ತಿಯೂ ಆರನೆಯ ಪಂಕ್ತಿಯೂ ಎಂಟನೆಯ ಪಂಕ್ತಿಯೂ ಅಕ್ಷರಶಃ ಒಂದೇ ಆಗಿದ್ದರೂ ಅವು ನಿಂತಿರುವ ನೆಲೆ ಬೇರೆಬೇರೆ. ಮೂರನೆಯದು ಎರಡು ಊಹೆಗಳ ಅಧೀನ, ಆರನೆಯದು ಒಂದು ಊಹೆಯ ಅಧೀನ, ಎಂಟನೆಯದು ಸರ್ವಸ್ವತಂತ್ರ. ಈ ಭೇದವನ್ನು ಮನದಟ್ಟು ಮಾಡಿಕೊಂಡವರು ಊಹೆಯ ನಿಯಮವನ್ನು ಪೂರ್ತಿಯಾಗಿ ಅರಿತಂತೆಯೇ ಸರಿ. ಡಚ್ ಗಣಿತಜ್ಞ ಬ್ರೌವರ್ 1908ರಿಂದಲೇ ಆಕ್ಷೇಪಿಸುತ್ತ ಬಂದ ತತ್ತ್ವ ಈ ಪ∨¬ಪ ಎಂಬುದೇ. ಅವನ ಪಂಥದ ತರ್ಕದಲ್ಲಿ ಏಳನೆಯ ಪಂಕ್ತಿಯವರೆಗೂ ಅಡ್ಡಿಯಿಲ್ಲ, ಎಂಟನೆಯದಕ್ಕೆ ಮಾತ್ರ ಒಪ್ಪಿಗೆಯಿಲ್ಲ.

ಪರೋಕ್ಷ ಸಾಧನೆಯನ್ನು ಕಂಡ ಹೊಸಬರು ಎಲ್ಲ ಸಮಸ್ಯೆಗಳಿಗೂ ಅದನ್ನೇ ಪ್ರಯೋಗಿಸಹೋಗುವುದುಂಟು. ಅದು ಹಿತವಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ನೇರಮಾರ್ಗದಲ್ಲಿ ಪ್ರತಿ ಹೆಜ್ಜೆಗೂ ತಲಪಬೇಕಾದ ವಾಕ್ಯವೊಂದು ಕಣ್ಣ ಮುಂದಿರುತ್ತದೆ. ಪರೋಕ್ಷಮಾರ್ಗದಲ್ಲಿ ‘ಎಲ್ಲಿಯಾದರೂ ಒಂದು ವಿರೋಧ’ ಎಂಬ ಅಸ್ಪಷ್ಟ ಗುರಿಯಲ್ಲದೆ ಬೇರೇನೂ ಇರುವುದಿಲ್ಲ. ಮಿಕ್ಕ ಉಪಾಯಗಳು ಮುಗಿದ ಮೇಲೆ ಅದನ್ನು ಹಿಡಿಯುವುದು ಲೇಸು. ಅದಕ್ಕೂ ಮೊದಲು, ಇನ್ನೂ ಉಪಯೋಗಿಸದ ದತ್ತ ಯಾವುದಾದರೂ ಉಳಿದಿದೆಯೇ ಎಂದು ನೋಡಿರಿ. ಪಠ್ಯಪುಸ್ತಕದ ಅಭ್ಯಾಸಗಳಲ್ಲಿ ನಿಷ್ಪ್ರಯೋಜಕವಾದ ದತ್ತ ವಿರಳ.

ಬರೆದಾದ ಮೇಲೆ ಪರಿಶೋಧಿಸಬೇಕಾದ ದೋಷಗಳಲ್ಲಿ ಮುಖ್ಯವಾದವು ಎರಡು. ಮುಗಿದ ಊಹೆಯೊಳಗಿನ ಪಂಕ್ತಿಯನ್ನು ಆಮೇಲೆ ಆಧಾರವಾಗಿ ಉದ್ಧರಿಸುವುದು ಮೊದಲನೆಯದು. ಮೇಲಿನ ಸಾಧನೆಯಲ್ಲಿ ಆರನೆಯ ಪಂಕ್ತಿಗೆ ಎರಡನೆಯದನ್ನು ಕಾರಣವಾಗಿ ಕೊಟ್ಟಿದ್ದರೆ ಎಲ್ಲವೂ ಕುಸಿಯುತ್ತಿತ್ತು. ಪಂಕ್ತಿಯ ಒಂದು ತುಂಡಿಗೆ ನಿಯಮವನ್ನು ಅನ್ವಯಿಸುವುದು ಎರಡನೆಯದು. (ಪ∧ಕ)→ರ ಎಂಬುದರ ಒಳಗಿನ ಪ∧ಕ ಮಾತ್ರ ಹಿಡಿದು ಅದರಿಂದ ಪ ತೆಗೆಯಲಾಗದು, ಏಕೆಂದರೆ ಪ∧ಕ ನಿಜವೆಂದು ಯಾರೂ ಹೇಳಿಲ್ಲ. ನಮ್ಮ ದೇಶದ ಅನೇಕ ಕಾಲೇಜುಗಳಲ್ಲಿ ಪಾಠವಾಗುವ ಇರ್ವಿಂಗ್ ಕೋಪಿಯ ಪುಸ್ತಕದಲ್ಲಿ ಮೊದಲ ಒಂಬತ್ತು ನಿಯಮಗಳು ಇಡೀ ಪಂಕ್ತಿಗಷ್ಟೇ ಅನ್ವಯಿಸುತ್ತವೆ. ಅನಂತರ ಬರುವ ಸಮಾನಾರ್ಥಕ ವಾಕ್ಯಗಳ ಹತ್ತು ನಿಯಮಗಳನ್ನು ಮಾತ್ರ ತುಂಡುಗಳಿಗೂ ಅನ್ವಯಿಸಬಹುದು.

‘ಎಲ್ಲ’ ಮತ್ತು ‘ಕೆಲವು’ ಎಂಬ ಪರಿಮಾಣಗಳು ಬಂದಾಗಲೂ ಕ್ರಮ ಇದೇ. ‘ಎಲ್ಲವೂ ಹೀಗೆ’ ಎಂದು ಸಾಧಿಸಲು, ಬೇರೆಲ್ಲಿಯೂ ಬಾರದ ಹೆಸರೊಂದನ್ನು ಹಿಡಿದು ಅದಕ್ಕೆ ಸಾಧಿಸಬೇಕು. ‘ಹೀಗಿರುವುದೊಂದಿದೆ’ ಎಂಬ ದತ್ತವನ್ನು ಬಿಡಿಸುವಾಗಲೂ ಹೊಸ ಹೆಸರನ್ನೇ ಕೊಡಬೇಕು. ಸಮಸಂಖ್ಯೆಯೊಂದಿದೆ, ವಿಷಮಸಂಖ್ಯೆಯೊಂದಿದೆ, ಎರಡೂ ನಿಜ. ಎರಡಕ್ಕೂ ಒಂದೇ ಹೆಸರಿಟ್ಟರೆ ಸಮವೂ ವಿಷಮವೂ ಆದ ಸಂಖ್ಯೆಯೊಂದು ಹುಟ್ಟಿಬಿಡುತ್ತದೆ. ಆದುದರಿಂದ ‘ಒಂದಿದೆ’ ಎಂಬ ದತ್ತಗಳನ್ನು ಮೊದಲು ಬಿಡಿಸಿ, ‘ಎಲ್ಲ’ ಎಂಬವುಗಳನ್ನು ಆಮೇಲೆ ಆ ಹೆಸರುಗಳಿಗೆ ಅನ್ವಯಿಸಿರಿ. ಸತ್ಯಪಟ್ಟಿಯಂತಹ ಯಾಂತ್ರಿಕ ನಿರ್ಣಯವಿಧಾನ ಈ ಭಾಗಕ್ಕೆ ಇರಲಾರದೆಂದು ಅಲೊನ್ಜೊ ಚರ್ಚ್ 1936ರಲ್ಲಿ ಸಿದ್ಧಪಡಿಸಿದ್ದಾನೆ. ಇಲ್ಲಿ ಅಭ್ಯಾಸಬಲಕ್ಕೆ ಬದಲಿಯಿಲ್ಲ.

ಓದುಗರು ಕಾಗದ ಪೆನ್ಸಿಲುಗಳನ್ನು ತೆಗೆದುಕೊಂಡು ಈ ನಾಲ್ಕನ್ನು ಇದೇ ಅನುಕ್ರಮದಲ್ಲಿ ಬಿಡಿಸಿ ನೋಡಬೇಕೆಂದು ಕೋರುತ್ತೇನೆ. ಪ→ಕ ಮತ್ತು ಕ→ರ ಎಂಬವುಗಳಿಂದ ಪ→ರ. ¬(ಪ∨ಕ) ಎಂಬುದರಿಂದ ¬ಪ∧¬ಕ. ¬(ಪ∧ಕ) ಎಂಬುದರಿಂದ ¬ಪ∨¬ಕ. ಕಡೆಯದಾಗಿ, ದತ್ತವಿಲ್ಲದೆ ((ಪ→ಕ)→ಪ)→ಪ. ಕಡೆಯ ಸೂತ್ರ ಅಮೆರಿಕದ ತಾರ್ಕಿಕ ಚಾರ್ಲ್ಸ್ ಪರ್ಸ್ 1885ರಲ್ಲಿ ಪ್ರಕಟಿಸಿದುದು. ಅದರಲ್ಲಿ ನಿಷೇಧಚಿಹ್ನೆ ಒಂದೂ ಇಲ್ಲ. ಆದರೂ ಇಲ್ಲಿ ಹೇಳಿರುವ ನಿಯಮಗಳಲ್ಲಿ ಪರೋಕ್ಷ ಸಾಧನೆಯೊಂದನ್ನು ಬಿಟ್ಟರೆ ಅದು ಸಿದ್ಧಿಸುವುದಿಲ್ಲ.