ರಾಕ್ ಗಾರ್ಡನ್‌ಗೆ ಹೊರಟೀರಾ? ಊಟ ಹೇಳಿಟ್ಟೀರಾ?

ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ, ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲೇ ಇರುವ ಉತ್ಸವ ರಾಕ್ ಗಾರ್ಡನ್ ನೋಡಲು ಹಾನಗಲ್, ಸವಣೂರು, ಹಿರೇಕೆರೂರು ಕಡೆಯಿಂದ ಮನೆಮಂದಿಯೆಲ್ಲ ಗಾಡಿ ಮಾಡಿಕೊಂಡು ಬರುತ್ತಾರೆ. ಗಾಡಿ ಬಾಡಿಗೆ ವಾರದ ಮೊದಲೇ ಮಾತಾಗಿರುತ್ತದೆ. ಊಟದ ವಿಷಯ ಬಂದಾಗ ಮಾತ್ರ ‘ಅಲ್ಲೇ ಎಲ್ಲೆರ ಉಂಡ್ರಾತು’ ಅನ್ನುತ್ತಾರೆ. ನಾಲ್ಕು ಮಂದಿಗೆ ಈ ಮಾತು ನಡೆಯುತ್ತದೆ. ಇಪ್ಪತ್ತು ಮಂದಿಗೆ ನಡೆಯುವುದಿಲ್ಲ.

1. ಮಧ್ಯಾಹ್ನದ ಊಟ ಒಂದನ್ನು ಮಾತ್ರ ಮೊದಲೇ ಹೇಳಿಡಿ. ಬೆಳಗಿನ ನಾಷ್ಟಾ ಮನೆಯಲ್ಲೋ ದಾರಿಯಲ್ಲೋ ಮುಗಿಯುತ್ತದೆ, ಸಂಜೆಯದ್ದು ಬಾಯಿಚಪಲ. ದಿನ ಕೆಡುವುದೂ ಉಳಿಯುವುದೂ ಮಧ್ಯಾಹ್ನದಲ್ಲಿ. ಎಲ್ಲವನ್ನೂ ಗಂಟೆಗಂಟೆಗೆ ಗೊತ್ತುಮಾಡಿಕೊಂಡರೆ ಪ್ರವಾಸದ ಖುಷಿಯೇ ಹೋಗುತ್ತದೆ.

2. ನಮ್ಮಲ್ಲಿ ಬೇಕಾದ್ದು ತಲೆಗಳ ಲೆಕ್ಕ. ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ 60 ದಿನ ಮೊದಲೇ ಊಟದ ಮೇಜು ಕಾಯ್ದಿರಿಸುತ್ತಾರೆ. ಅಲ್ಲಿ ಕೊರತೆ ಕುರ್ಚಿಯದ್ದು. ನಮ್ಮ ಖಾನಾವಳಿಯಲ್ಲಿ ಕುರ್ಚಿ ಹೇಗೋ ಹೊಂದುತ್ತದೆ, ರೊಟ್ಟಿ ಹೊಂದುವುದಿಲ್ಲ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಜಿಗುಟಿಲ್ಲ. ಎಸರು ಹಾಕಿ ನಾದಿದ ಮೇಲೆ ಬಹಳ ಹೊತ್ತು ಇಡುವಂತಿಲ್ಲ, ಒಂದೊಂದನ್ನೇ ಬಡಿದು ಬೇಯಿಸಬೇಕು. ಇಪ್ಪತ್ತು ಮಂದಿ, ತಲೆಗೆ ಮೂರು ರೊಟ್ಟಿ ಅಂದರೆ ಅರವತ್ತು. ಒಬ್ಬ ಹೆಣ್ಣುಮಗಳು ಒಂದಕ್ಕೆ ಎರಡೇ ನಿಮಿಷ ಹಿಡಿದರೂ ಎರಡು ತಾಸು ಒಲೆಯ ಮುಂದೆ ಕೂಡಬೇಕು. ಹೇಳದೆ ಹೋದವರ ತಾಟಿಗೆ ಕಟಕ ರೊಟ್ಟಿ ಬಂದರೆ ಅಡುಗೆಯವರನ್ನು ಬೈಯುವುದು ನ್ಯಾಯವಲ್ಲ. ಹಿಂದಿನ ದಿನ ಸಂಜೆಯೇ ಒಂದು ಫೋನ್ ಮಾಡಿದರೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಹಿಂಡಿ ನಿಮ್ಮ ಹೊತ್ತಿಗೆ ಸರಿಯಾಗಿ ತಾಟಿಗೆ ಬರುತ್ತವೆ.

3. ಫೋನಿನಲ್ಲಿ ಮೂರು ಮಾತು ತಪ್ಪಿಸಬೇಡಿ: ಎಷ್ಟು ಮಂದಿ, ಎಷ್ಟು ಗಂಟೆಗೆ, ಯಾರಿಗೆ ಏನು ಬೇರೆ ಬೇಕು. ಹಲ್ಲಿಲ್ಲದ ಅಜ್ಜಿಗೆ ಮೆತ್ತನೆಯ ಅನ್ನ, ಖಾರ ತಿನ್ನದ ಕೂಸಿಗೆ ಮೊಸರು, ಉಪವಾಸದವರಿಗೆ ಹಣ್ಣು. ಇದು ದೊಡ್ಡಸ್ತಿಕೆಯಲ್ಲ, ಅಡುಗೆಮನೆಗೂ ಇದರಿಂದ ಸಲೀಸು. ಸ್ವಲ್ಪ ಮುಂಗಡವನ್ನೂ ಕಳಿಸಿಬಿಡಿ. ಬರುತ್ತೇವೆಂದು ಹೇಳಿ ಬಾರದವರನ್ನು ಕಂಡವರು ಬರೀ ಮಾತು ನಂಬಿ ಹಿಟ್ಟು ನಾದುವುದಿಲ್ಲ.

4. ಅಗಡಿ ತೋಟವಾದರೆ ಹೇಳದೆ ಹೋಗಲೇಬೇಡಿ. ಇದೇ ತಾಲೂಕಿನ ಕುನ್ನೂರು ಬಳಿಯ ಈ ತೋಟದಲ್ಲಿ ತಲೆಗಿಷ್ಟು ಎಂದು ಹಣ ಕಟ್ಟಿದರೆ ಊಟ, ತಿನಿಸು, ಆಟ ಎಲ್ಲ ಅದರಲ್ಲೇ. ಅಲ್ಲಿ ಊಟವೇ ಅರ್ಧ ಪ್ರವಾಸ. ಹಾಗಾಗಿ ರಾಕ್ ಗಾರ್ಡನ್ ಮತ್ತು ಅಗಡಿ ತೋಟ ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಕಟ್ಟಿದ ಹಣವೂ ದಕ್ಕುವುದಿಲ್ಲ, ಗಾರ್ಡನ್‌ನ ಶಿಲ್ಪಗಳನ್ನು ಕಣ್ತುಂಬ ನೋಡಿದ ಹಾಗೂ ಆಗುವುದಿಲ್ಲ.

5. ಊಟದ ಗಂಟೆಯನ್ನು ನೋಡುವ ಜಾಗಕ್ಕೆ ತಕ್ಕಂತೆ ಹಿಡಿಯಿರಿ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಈ ಗಾರ್ಡನ್‌ನಲ್ಲಿ 2000ಕ್ಕೂ ಹೆಚ್ಚು ಶಿಲ್ಪಗಳಿವೆ. ಒಕ್ಕಲುತನ, ಕುರಿ ಕಾಯುವವರು, ಕಸುಬುದಾರರು, ಒಂದು ಹಳ್ಳಿಗೆ ಹಳ್ಳಿಯೇ ಅಲ್ಲಿದೆ. ಹಿರಿಯರು ಪ್ರತಿ ಮನೆಯ ಮುಂದೆ ನಿಂತು ಮಕ್ಕಳಿಗೆ ‘ಇದು ಹಿಂಗಿತ್ತು’ ಎಂದು ತೋರಿಸುತ್ತಾರೆ. ಅದಕ್ಕೆ ಅವಸರ ಮಾಡಬಾರದು. ಹತ್ತಕ್ಕೆ ಒಳಗೆ ಹೋದರೆ ಊಟ ಎರಡಕ್ಕೆ ಹೇಳಿ. ಹಿರೇಕೆರೂರಿನವರು ಜಿಲ್ಲೆಯ ದಕ್ಷಿಣದ ತುದಿಯಿಂದ ಉತ್ತರಕ್ಕೆ ಬರಬೇಕಾದ್ದರಿಂದ ಮುಟ್ಟುವುದೇ ತಡವಾಗುತ್ತದೆ. ಅವರು ಹನ್ನೆರಡೂವರೆಗೆ ಮೊದಲು ಉಂಡು, ಆಮೇಲೆ ಒಳಗೆ ಹೋಗುವುದು ಒಳ್ಳೆಯದು.

6. ಕ್ಯಾಲೆಂಡರ್ ನೋಡಿ. ಡಿಸೆಂಬರ್, ಜನವರಿ ಶಾಲಾ ಪ್ರವಾಸದ ತಿಂಗಳು. ಬಸ್ಸಿನ ಮೇಲೆ ಬಸ್ಸು ಬರುತ್ತವೆ. ಆಗ ಎರಡು ದಿನ ಮೊದಲೇ ಹೇಳುವುದು ಲೇಸು. ಶೀಗಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆಯಂದು ರೊಟ್ಟಿ ಬಡಿಯುವವರೂ ಚರಗ ಚೆಲ್ಲಲು ತಮ್ಮ ಹೊಲಕ್ಕೆ ಹೋಗಬಹುದು. ಆ ದಿನ ಒಲೆ ಹೊತ್ತಿರುತ್ತದೆಯೇ ಎಂದು ಮೊದಲು ಕೇಳಿ. ಸಾಧ್ಯವಾದರೆ ಆ ದಿನ ಪ್ರವಾಸ ಬಿಟ್ಟು ನೀವೂ ನಿಮ್ಮ ಹೊಲಕ್ಕೇ ಹೋಗಿ.

7. ಇದೇ ತಾಲೂಕಿನ ಬಂಕಾಪುರಕ್ಕೆ ಹೋಗುವುದಾದರೆ ಬುತ್ತಿ ಕಟ್ಟಿಕೊಳ್ಳಿ. ಕೋಟೆಯೊಳಗಿನ ನವಿಲು ಧಾಮ, ನಗರೇಶ್ವರ ಗುಡಿಯ ಕಂಬಗಳು ನಿಧಾನವಾಗಿ ನೋಡುವಂಥವು. ಚಪಾತಿ, ಪಲ್ಯ, ಮೊಸರನ್ನ, ನೀರು ಜೊತೆಗಿರಲಿ. ಉಂಡ ಮೇಲೆ ಒಂದು ಕಾಗದವನ್ನೂ ಅಲ್ಲಿ ಬಿಡಬೇಡಿ. ಅದು ನವಿಲುಗಳ ಜಾಗ.

8. ಸಂಜೆಗೆ ಏನೂ ಹೇಳಿಡಬೇಡಿ. ಗಿರ್ಮಿಟ್ಟು, ಮಿರ್ಚಿ ಭಜಿ ಇರುವ ಊರಿನಲ್ಲಿ ಮೊದಲೇ ಗೊತ್ತುಮಾಡುವ ಅಗತ್ಯವೇ ಇಲ್ಲ. ಬಾಣಲೆಯ ಮುಂದೆ ಜನ ನಿಂತ ಕಡೆ ನೀವೂ ನಿಲ್ಲಿ. ಸವಣೂರಿನ ಮೇಲೆ ಹೋಗುವವರು ಅಲ್ಲಿಯ ಖಾರಾ ಒಂದೆರಡು ಪೊಟ್ಟಣ ಕಟ್ಟಿಸಿಕೊಳ್ಳಿ. ಕೆಡುವುದಿಲ್ಲ, ಗಾಡಿ ಎಲ್ಲಾದರೂ ನಿಂತರೂ ಮಕ್ಕಳ ಹಸಿವು ತಡೆಯುತ್ತದೆ.

9. ಶಾಲೆಯ ಗುರುಗಳಿಗೆ ಒಂದು ಮಾತು. ನೂರು ಮಕ್ಕಳಿಗೆ ರೊಟ್ಟಿಯ ಆಸೆ ಬೇಡ. ಪಲಾವ್ ಅಥವಾ ಚಿತ್ರಾನ್ನ, ಮೊಸರು ಹೇಳಿ. ಚಾಲಕ, ಸಹಾಯಕರ ಊಟವನ್ನೂ ಲೆಕ್ಕದಲ್ಲಿ ಸೇರಿಸಿ. ದಿನವಿಡೀ ನಿಮ್ಮ ಮಕ್ಕಳನ್ನು ಜೋಪಾನವಾಗಿ ಕರೆದೊಯ್ಯುವವರು ಕೊನೆಯಲ್ಲಿ ಖಾಲಿ ಪಾತ್ರೆ ನೋಡಬಾರದು.

10. ಹೋಗುವುದು ತಪ್ಪಿದರೆ ಬೆಳಗ್ಗೆ ಎಂಟರೊಳಗೆ ತಿಳಿಸಿ. ಬದನೆಕಾಯಿ ಹೆಚ್ಚುವ ಮುನ್ನ, ಎಸರು ಇಡುವ ಮುನ್ನ ಗೊತ್ತಾದರೆ ಅವರಿಗೆ ನಷ್ಟವಿಲ್ಲ. ತಡವಾಗಿ ಹೇಳುವಂತಾದರೆ ಮುಂಗಡ ವಾಪಸ್ ಕೇಳಬೇಡಿ. ಅಂದು ರೊಟ್ಟಿ ಬಡಿಯಲು ಬಂದವರ ಕೂಲಿ ಅದರಲ್ಲೇ ಹೋಗಬೇಕು.