ಇಳಿದ ತೂಕ ಮತ್ತೆ ಏರಿತು, ಈಗ ಮಗಳು ಊಟ ಬಿಡುತ್ತಿದ್ದಾಳೆ

ಪ್ರಶ್ನೆ: ನನಗೆ 41 ವರ್ಷ. ತವರು ಕಲಬುರಗಿ, ಮದುವೆಯಾಗಿ ಹೈದರಾಬಾದಿಗೆ ಬಂದವಳು. ಮನೆ ಕಾಚಿಗುಡದ ಹತ್ತಿರ. ಯಜಮಾನರಿಗೆ ಹೈಟೆಕ್ ಸಿಟಿಯಲ್ಲಿ ಕೆಲಸ, ಬರುವುದು ರಾತ್ರಿ ಹತ್ತಕ್ಕೆ. ಹೋದ ವರ್ಷ 82 ಕೆ.ಜಿ. ಇದ್ದೆ. ಪರಿಚಯದವರ ಮಾತು ಕೇಳಿ ಎರಡು ಹೊತ್ತಿನ ಊಟ ಬಿಟ್ಟು ಪುಡಿ ಕಲಸಿದ ಶೇಕ್ ಕುಡಿದೆ. ಮೂರೇ ತಿಂಗಳಲ್ಲಿ 14 ಕೆ.ಜಿ. ಇಳಿಯಿತು. ಎಲ್ಲರೂ ಹೊಗಳಿದರು. ಶೇಕ್ ನಿಲ್ಲಿಸಿ ಎಂಟು ತಿಂಗಳಾಗುವಷ್ಟರಲ್ಲಿ 11 ಕೆ.ಜಿ. ವಾಪಸ್ ಬಂದಿದೆ. ಅಂದು ಹೊಗಳಿದ ನಾದಿನಿಯೇ ಈಗ "ನಾಲಿಗಿ ಕಟ್ಟೋದು ನಿಮ್ಮ ಕೈಲಿ ಆಗಂಗಿಲ್ಲ ಬಿಡ್ರಿ ವೈನಿ" ಅಂತಾಳೆ. ದಿನಾ ಬೆಳಿಗ್ಗೆ ದಿವಾನದ ಕೆಳಗಿಂದ ತೂಕದ ಯಂತ್ರ ಎಳೆದು ಹತ್ತಿ ನಿಲ್ಲುತ್ತೇನೆ, ಅಂದಿನ ದಿನವೇ ಕೆಟ್ಟುಹೋಗುತ್ತದೆ. ಬರೀ ಜೋಳದ ರೊಟ್ಟಿ ತಿಂದರೆ ಇಳಿಯುತ್ತದೆಯೇ? ಹೊಸದಾಗಿ ಬಂದಿರುವ ಇಂಜೆಕ್ಷನ್ ತೆಗೆದುಕೊಳ್ಳಲೇ? ಹದಿಮೂರು ವರ್ಷದ ಮಗಳೂ ಇತ್ತೀಚೆಗೆ ರಾತ್ರಿ ಊಟ ಬೇಡ ಎನ್ನುತ್ತಾಳೆ, ನನ್ನ ಹಾಗೆ ಆಗುವುದು ಅವಳಿಗೆ ಬೇಡವಂತೆ.
– ಹೆಸರು ಬೇಡ, ಹೈದರಾಬಾದ್

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲನ್ನು ಮೊದಲು ಎತ್ತಿಕೊಳ್ಳುತ್ತೇನೆ. ರೊಟ್ಟಿ, ಇಂಜೆಕ್ಷನ್ ಎರಡೂ ಒಂದು ತಿಂಗಳು ತಡವಾದರೆ ಏನೂ ಮುಳುಗುವುದಿಲ್ಲ. ಮಗಳ ವಿಷಯ ಹಾಗಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕದಲ್ಲಿ 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ ಸುಮಾರು 2400 ಕ್ಯಾಲೊರಿ ಬೇಕು. ಹೆಚ್ಚು ಓಡಾಟವಿಲ್ಲದ ಹೆಂಗಸಿಗೆ ಸುಮಾರು 1660 ಸಾಕು. ಅಂದರೆ ಅವಳ ತಟ್ಟೆ ನಿಮ್ಮದಕ್ಕಿಂತ ದೊಡ್ಡದಿರಬೇಕು. ಎತ್ತರ ಬೆಳೆಯುವ, ಮುಟ್ಟು ಸರಿಹೊಂದುವ ವಯಸ್ಸಿನಲ್ಲಿ ಮೈ ತುಂಬಿಕೊಳ್ಳುವುದು ಸಹಜ. ಅವಳು ದಿನಾ ಬೆಳಿಗ್ಗೆ ನೋಡುತ್ತಿರುವುದಾದರೂ ಏನು? ಅವ್ವ ಯಂತ್ರದ ಮೇಲೆ ನಿಂತು ಮುಖ ಸಣ್ಣ ಮಾಡಿಕೊಳ್ಳುವುದನ್ನು. ಹದಿಹರೆಯದ ಮಕ್ಕಳಿರುವ ಮನೆಯಲ್ಲಿ ತೂಕದ ಮಾತು, ಗೇಲಿ ಹೆಚ್ಚಿದಷ್ಟೂ ಮಕ್ಕಳು ಊಟ ಬಿಡುವ, ಮಿತಿಮೀರಿ ತಿನ್ನುವ ಹಾದಿ ಹಿಡಿಯುತ್ತಾರೆಂದು ಅಮೆರಿಕದ ಮಿನೆಸೋಟದಲ್ಲಿ ವರ್ಷಗಟ್ಟಲೆ ನಡೆದ ಅಧ್ಯಯನಗಳು ತೋರಿಸಿವೆ. ಆದ್ದರಿಂದ ಯಂತ್ರವನ್ನು ಇವತ್ತೇ ಅಟ್ಟಕ್ಕೆ ಹಾಕಿಸಿ. "ನಾನು ಊಟ ಬಿಟ್ಟಿದ್ದು ತಪ್ಪಾಯ್ತು, ಅದಕ್ಕೇ ಮೈ ಮತ್ತೆ ತುಂಬ್ತು" ಎಂದು ಮಗಳ ಹತ್ತಿರ ನೇರವಾಗಿ ಹೇಳಿ. ನಾದಿನಿಗೂ ಒಂದು ಮಾತು ಹೇಳಬೇಕು, ಅದನ್ನು ಯಜಮಾನರೇ ಹೇಳಲಿ: ಹುಡುಗಿಯ ಎದುರಿಗೆ ಯಾರ ಮೈಯ ಮಾತೂ ಬೇಡ. ತಂಗಿಗೆ ಅಣ್ಣ ಹೇಳಿದರೆ ನಾಟುತ್ತದೆ, ನೀವು ಹೇಳಿದರೆ ಜಗಳವಾಗುತ್ತದೆ.

ಮುಟ್ಟು ತಪ್ಪುವುದು, ಊಟವಾದ ಕೂಡಲೇ ಬಚ್ಚಲು ಸೇರಿ ಬಾಗಿಲು ಹಾಕಿಕೊಳ್ಳುವುದು, ತಲೆ ಸುತ್ತು, ಕೂದಲು ಉದುರುವುದು, ತಿಂಡಿ ಬಚ್ಚಿಡುವುದು ಕಂಡರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಇನ್ನು ನಿಮ್ಮ 11 ಕೆ.ಜಿ. ಇದನ್ನು ನಾಲಿಗೆಯ ಚಪಲಕ್ಕೆ ಕಟ್ಟಬೇಡಿ. 1944–45ರಲ್ಲಿ ಅದೇ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಗಟ್ಟಿಮುಟ್ಟಾದ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ತೂಕ ಕಾಲು ಭಾಗದಷ್ಟು ಇಳಿಯಿತು. ಜೊತೆಗೆ ಆ ಹುಡುಗರು ಹಗಲೂ ರಾತ್ರಿ ಊಟದ್ದೇ ಯೋಚನೆ ಮಾಡತೊಡಗಿದರು, ಅಡುಗೆ ಪುಸ್ತಕ ಓದುತ್ತ ಕೂತರು. ಕಟ್ಟು ಬಿಚ್ಚಿದ ಮೇಲೆ ಹೊಟ್ಟೆ ಬಿರಿಯುವಷ್ಟು ತಿಂದರೂ ಹಸಿವು ಹಿಂಗಲಿಲ್ಲ. ಬರಗಾಲ ಬಂತೆಂದು ತಿಳಿದ ದೇಹ ಖರ್ಚು ಇಳಿಸಿ ಹಸಿವು ಏರಿಸುತ್ತದೆ. ನಿಮಗಾದದ್ದೂ ಇದೇ.

ತೂಕ ವಾರಕ್ಕೆ ಅರ್ಧ ಕೆ.ಜಿ. ಇಳಿದರೆ ಸುರಕ್ಷಿತ ಎನ್ನುತ್ತದೆ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ. ನೀವು ಅದರ ದುಪ್ಪಟ್ಟು ವೇಗದಲ್ಲಿ ಇಳಿದಿರಿ. ಈ ಸಂಸ್ಥೆ ಇರುವುದು ನಿಮ್ಮ ಊರಿನಲ್ಲೇ, ತಾರ್ನಾಕದಲ್ಲಿ. 1918ರಲ್ಲಿ ಕೂನೂರಿನಲ್ಲಿ ಶುರುವಾಗಿ 1958ರಲ್ಲಿ ಹೈದರಾಬಾದಿಗೆ ಬಂತು. ಇಡೀ ದೇಶಕ್ಕೆ ಊಟದ ಬುದ್ಧಿ ಹೇಳುವವರು ಪಕ್ಕದಲ್ಲೇ ಇರುವಾಗ ನೀವು ಪುಡಿ ಮಾರುವವರ ಮಾತು ಕೇಳಿದಿರಿ! 2024ರಲ್ಲಿ ಅದು ಹೊರತಂದ ಮಾರ್ಗಸೂಚಿಯ ಪ್ರಕಾರ 2000 ಕ್ಯಾಲೊರಿಯ ದಿನದ ಊಟದಲ್ಲಿ ಅಕ್ಕಿ, ಜೋಳ, ಗೋಧಿ ಎಲ್ಲ ಸೇರಿ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ 400 ಗ್ರಾಂ, ಎಣ್ಣೆ 27 ಗ್ರಾಂ.

ಆ ಎಣ್ಣೆಯ ಅಂಕಿಯನ್ನು ಹಿಡಿದುಕೊಳ್ಳಿ. 27 ಗ್ರಾಂ ಎಂದರೆ ಒಬ್ಬರಿಗೆ ತಿಂಗಳಿಗೆ ಒಂದು ಲೀಟರಿಗೂ ಕಡಿಮೆ. ಮೂರು ಜನರ ಮನೆಗೆ ಎರಡೂವರೆ ಲೀಟರ್ ಮೇಲೆ ಸ್ವಲ್ಪ. ಕಿರಾಣಿ ಚೀಟಿ ತೆಗೆದು ನೋಡಿ, ತಿಂಗಳಿಗೆ ಐದು ಪ್ಯಾಕೆಟ್ ಬರುತ್ತಿದ್ದರೆ ಉತ್ತರ ಅಲ್ಲೇ ಸಿಕ್ಕಿತು. ಪುಂಡಿಪಲ್ಯಕ್ಕೆ, ಅದೇ ನಿಮ್ಮಲ್ಲಿಯ ಗೋಂಗುರಕ್ಕೆ, ಎಣ್ಣೆ ತೇಲಿದರೇ ರುಚಿ ಎಂಬುದು ಅಭ್ಯಾಸ ಅಷ್ಟೇ. ಇನ್ನೊಂದು, ರಾತ್ರಿ ಹತ್ತರ ಊಟ. ಏಳಕ್ಕೆ ಮಗಳ ಜೊತೆ ಕೂತು ಪೂರ್ತಿ ಊಟ ಮುಗಿಸಿ. ಯಜಮಾನರು ಬಂದಾಗ ಬಡಿಸಿ, ಮಜ್ಜಿಗೆ ಕುಡಿಯುತ್ತ ಜೊತೆಗೆ ಕೂತುಕೊಳ್ಳಿ. ಮಿಕ್ಕ ಅನ್ನ ಹಾಳಾಗುತ್ತದೆಂದು ಒಲೆ ಕಟ್ಟೆಯ ಮುಂದೆ ನಿಂತು ಪಾತ್ರೆಯಿಂದಲೇ ನಾಲ್ಕು ತುತ್ತು ಬಾಯಿಗೆ ಹಾಕಿಕೊಳ್ಳುವ ಚಾಳಿ ನಮ್ಮ ಹೆಂಗಸರಲ್ಲಿ ಬಹಳ ಮಂದಿಗೆ ಇದೆ. ಫ್ರಿಜ್ಜಿಗೆ ಇಡಿ, ಬೆಳಿಗ್ಗೆ ಚಿತ್ರಾನ್ನವಾಗುತ್ತದೆ. ಹೈದರಾಬಾದಿನಲ್ಲಿದ್ದುಕೊಂಡು ಬಿರಿಯಾನಿ ಬಿಡಿ ಎನ್ನುವ ಧೈರ್ಯ ನನಗಿಲ್ಲ, ತಿಂಗಳಿಗೊಮ್ಮೆ ಸಂತೋಷವಾಗಿ ತಿನ್ನಿ.

ಜೋಳದ ರೊಟ್ಟಿ ಒಳ್ಳೆಯದೇ. ನಾರು ಹೆಚ್ಚು, ಹೊಟ್ಟೆ ತಡೆಯುತ್ತದೆ. ಆದರೆ 100 ಗ್ರಾಂ ಜೋಳದಲ್ಲೂ ಅಷ್ಟೇ ಅಕ್ಕಿಯಲ್ಲೂ ಕ್ಯಾಲೊರಿ 350ರ ಆಸುಪಾಸೇ. ಶೇಂಗಾ ಹಿಂಡಿ, ಎಣ್ಣೆ ಹಚ್ಚಿ ನಾಲ್ಕು ರೊಟ್ಟಿ ತಿಂದರೆ ಅನ್ನ ಬಿಟ್ಟ ಪುಣ್ಯವೆಲ್ಲ ಕರಗಿತು. ಎರಡು ರೊಟ್ಟಿ, ತಟ್ಟೆಯ ಅರ್ಧ ತರಕಾರಿ, ಒಂದು ಬಟ್ಟಲು ಬೇಳೆ, ಮೇಲೆ ಮೊಸರು ಸಾಕು.

ಇಂಜೆಕ್ಷನ್ ವಿಷಯ. ಮೌಂಜಾರೊ, ವೆಗೋವಿ ಎರಡೂ 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಕೆಲಸ ಮಾಡುತ್ತವೆ, ಅದರಲ್ಲಿ ಅನುಮಾನವಿಲ್ಲ. ಆದರೆ ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಒಂದೇ ವರ್ಷದಲ್ಲಿ ಮರಳಿತೆಂದು ಪ್ರಯೋಗದಲ್ಲೇ ಕಂಡಿದೆ. ತಜ್ಞ ವೈದ್ಯರು ನಿಮ್ಮನ್ನು ಪರೀಕ್ಷಿಸಿ ಬರೆದುಕೊಟ್ಟರೆ ಮಾತ್ರ ಯೋಚಿಸಿ. ಗೆಳತಿ ತರಿಸಿಕೊಟ್ಟಳೆಂದು ಚುಚ್ಚಿಕೊಳ್ಳಬೇಡಿ. ಅದಕ್ಕೂ ಮೊದಲು ಥೈರಾಯ್ಡ್, ಸಕ್ಕರೆ, ಬಿ.ಪಿ. ನೋಡಿಸಿ, ಟೇಪು ಹಿಡಿದು ಸೊಂಟ ಅಳೆದುಕೊಳ್ಳಿ. ಹೆಂಗಸರಿಗೆ 80 ಸೆಂ.ಮೀ. ಮೀರಿದರೆ ಎಚ್ಚರಿಕೆ ಬೇಕು. ದಿನದ ಯಂತ್ರಕ್ಕಿಂತ ತಿಂಗಳಿಗೊಮ್ಮೆ ಟೇಪು ಸಾಕು.

68 ಕೆ.ಜಿ. ಮತ್ತೆ ಕಾಣಬೇಕೆಂಬ ಹಟ ಬಿಡಿ. ತೂಕದ ನೂರಕ್ಕೆ ಐದು ಪಾಲು ಇಳಿದರೂ ಸಕ್ಕರೆ, ಬಿ.ಪಿ. ಎರಡಕ್ಕೂ ಲಾಭವಿದೆ. ನಿಮ್ಮ 79ರಲ್ಲಿ ಅದು ನಾಲ್ಕೇ ಕೆ.ಜಿ. ಗುರಿ 75 ಇರಲಿ. ಅದಕ್ಕೆ ಎಂಟು ತಿಂಗಳು ಹಿಡಿದರೆ ಹಿಡಿಯಲಿ.