ಡಬ್ಬಿಗೆ ತಕ್ಕ ಪುಸ್ತಕ

(7ನೇ ತರಗತಿ, ವಿಜ್ಞಾನ ವಿಭಾಗ)



ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ನಿಮಗೆಲ್ಲ ಗೊತ್ತೇ ಇದೆ. ರೂಟರ್ ಎಂಬ ಯಂತ್ರವನ್ನು ಜೋಡಿಸುವಾಗ ತುಂಬಾ ಜನ ಮಾಡುವುದು ಇದನ್ನೇ. ಕೈಯಲ್ಲಿರುವ ಡಬ್ಬಿ ಒಂದು, ಓದುವ ಪುಸ್ತಕ ಇನ್ನೊಂದು. ಆಮೇಲೆ ನೆಟ್ ಬರಲಿಲ್ಲ ಅಂತ ಡಬ್ಬಿಯನ್ನು ಬೈಯುತ್ತಾರೆ. ಸರಿಯಾದ ಪುಸ್ತಕವನ್ನು ಹುಡುಕುವುದು ಹೇಗೆ ಎಂಬುದೇ ಈ ಸಲದ ನನ್ನ ಪಾಠ.

ರೂಟರ್ ಎಂದರೇನು?

ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಎರಡು ಕೊಂಬಿನ ಬಿಳಿ ಡಬ್ಬಿಯೊಂದು ಇರುತ್ತದಲ್ಲ, ಹಸಿರು ದೀಪಗಳು ಮಿಣಮಿಣ ಅನ್ನುತ್ತಿರುತ್ತವೆ, ಅದೇ ರೂಟರ್. ಅದರ ಕೆಲಸ ಅಂಚೆ ಕಚೇರಿಯ ಕೆಲಸದ ಹಾಗೆ. ಅಂಚೆಯವರು ಪಿನ್‌ಕೋಡ್ ನೋಡಿ ಕಾಗದಗಳನ್ನು ಬೇರೆ ಬೇರೆ ಚೀಲಕ್ಕೆ ಹಾಕುತ್ತಾರೆ. 6 ಅಂಕಿಯ ಈ ಪಿನ್‌ಕೋಡ್ ನಮ್ಮ ದೇಶದಲ್ಲಿ 1972ರ ಆಗಸ್ಟ್ 15ರಂದು ಜಾರಿಗೆ ಬಂತು. ಇಂಟರ್‌ನೆಟ್‌ನಲ್ಲಿಯೂ ಮಾಹಿತಿಯು ಸಣ್ಣ ಸಣ್ಣ ಪೊಟ್ಟಣಗಳಾಗಿ ಹೋಗುತ್ತದೆ. ಪ್ರತಿಯೊಂದು ಪೊಟ್ಟಣದ ಮೇಲೂ ವಿಳಾಸ ಇರುತ್ತದೆ. ಆ ವಿಳಾಸ ನೋಡಿ "ನೀನು ಈ ಕಡೆ ಹೋಗು, ನೀನು ಆ ಕಡೆ ಹೋಗು" ಎಂದು ದಾರಿ ತೋರಿಸುವುದೇ ರೂಟರ್.

ವಿಳಾಸವು 192.168.1.5 ಎಂಬಂತೆ ನಾಲ್ಕು ಸಂಖ್ಯೆಗಳಲ್ಲಿ ಇರುತ್ತದೆ. ಒಂದೊಂದು ಸಂಖ್ಯೆ 0ಯಿಂದ 255ರ ತನಕ ಇರಬಹುದು. ಹಾಗಾದರೆ ಒಟ್ಟು ಎಷ್ಟು ವಿಳಾಸ? 256ನ್ನು ನಾಲ್ಕು ಸಲ ಗುಣಿಸಿ ನೋಡಿ, ಸುಮಾರು 429 ಕೋಟಿ ಬರುತ್ತದೆ. ಪ್ರಪಂಚಕ್ಕೆಲ್ಲ ಇಷ್ಟು ಸಾಲದು. ಅದಕ್ಕೇ ಕೆಲವು ಸಂಖ್ಯೆಗಳನ್ನು ಮನೆಯೊಳಗಿನ ಬಳಕೆಗೆ ಎಂದು 1996ರ ಒಂದು ನಿಯಮದಲ್ಲಿ ಬಿಟ್ಟುಕೊಟ್ಟಿದ್ದಾರೆ. 192.168 ಎಂದು ಶುರುವಾಗುವವೆಲ್ಲ ಆ ಜಾತಿಯವು. ನಮ್ಮೂರಲ್ಲೂ 5ನೇ ನಂಬರ್ ಮನೆ ಇದೆ, ಪಕ್ಕದೂರಲ್ಲೂ 5ನೇ ನಂಬರ್ ಮನೆ ಇದೆ. ಊರು ಬೇರೆಯಾದ್ದರಿಂದ ಗೊಂದಲ ಇಲ್ಲ. ಇದೂ ಹಾಗೇ.

ಸರಿಯಾದ ಪುಸ್ತಕ ಯಾಕೆ ಬೇಕು?

ವಿದ್ಯಾರ್ಥಿವೇತನದ ಅರ್ಜಿ ತುಂಬುವ ದಿನಗಳಲ್ಲಿ ನಾನು ಕಣ್ಣಾರೆ ಕಂಡ ಸಂಗತಿ ಹೇಳುತ್ತೇನೆ. ಅರ್ಜಿ ತುಂಬಿಕೊಡುವ ಒಂದು ಕಡೆ ಬೆಳಿಗ್ಗೆಯೇ ನೆಟ್ ನಿಂತುಹೋಯಿತು. ಅಲ್ಲಿಗೆ ಬರುವುದು ಗಾಜಿನ ಎಳೆಯ ತಂತಿ, ಎಂದರೆ ಫೈಬರ್. ಅದು ನೇರವಾಗಿ ರೂಟರ್‌ಗೇ ಸೇರುತ್ತದೆ. ಡಬ್ಬಿಯಲ್ಲಿ ಒಂದು ಕೆಂಪು ದೀಪ ಮಿನುಗುತ್ತಿತ್ತು. ಬಂದವರೊಬ್ಬರು ಮೊಬೈಲ್‌ನಲ್ಲಿ ಬೇರೆ ಯಾವುದೋ ರೂಟರ್‌ನ ವಿವರ ನೋಡಿ, "ಇದಕ್ಕೆ ರೀಸೆಟ್ಟೇ ಮದ್ದು" ಅಂತ ಹೇಳಿ, ಪಿನ್ನು ಚುಚ್ಚಿ ಹತ್ತು ಸೆಕೆಂಡ್ ಗುಂಡಿ ಒತ್ತಿದರು. ಕೆಂಪು ದೀಪ ಹಾಗೇ ಇತ್ತು.

ನಿಜವಾಗಿ ಆಗಿದ್ದು ಏನೆಂದರೆ, ರಸ್ತೆ ಅಗೆಯುವಾಗ ಫೈಬರ್ ತುಂಡಾಗಿತ್ತು. ಮಾರನೇ ದಿನ ಸಂಜೆ ಅದನ್ನು ಸೇರಿಸಿದರು. ಕೆಂಪು ದೀಪ ಹೋಯಿತು, ಆದರೂ ನೆಟ್ ಬರಲಿಲ್ಲ! ಯಾಕೆಂದರೆ ರೀಸೆಟ್ ಒತ್ತಿದಾಗ ಡಬ್ಬಿಯೊಳಗೆ ಬರೆದಿದ್ದ ಬಳಕೆದಾರರ ಹೆಸರು, ಪಾಸ್‌ವರ್ಡ್ ಎಲ್ಲ ಅಳಿಸಿಹೋಗಿದ್ದವು. ಸಂಪರ್ಕ ಕೊಟ್ಟವರು ಬರೆದುಕೊಟ್ಟಿದ್ದ ಚೀಟಿ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಮತ್ತೆ ನೆಟ್ ಬಂದಿದ್ದು ಮೂರನೇ ದಿನ. ಅಷ್ಟರಲ್ಲಿ ನನ್ನ ಗೆಳತಿಯ ತಾಯಿ ಒಂದು ದಿನದ ಕೂಲಿ ಬಿಟ್ಟು, ಬಸ್ ಹಿಡಿದು ತಾಲ್ಲೂಕಿಗೆ ಹೋಗಿ ಅರ್ಜಿ ಹಾಕಿ ಬಂದರು. ಎಲ್ಲರಿಗೂ ಹಾಗೆ ಹೋಗಲು ಆಗುತ್ತದೆಯೇ?

ಆಮೇಲೆ ಅಲ್ಲಿ ಕೆಲಸ ಮಾಡುವ ಅಕ್ಕನೂ ನಾನೂ ಡಬ್ಬಿಯನ್ನು ಮಗುಚಿ, ಮಾಡೆಲ್ ನಂಬರ್ ಬರೆದುಕೊಂಡು, ಅದಕ್ಕೇ ಸೇರಿದ ಕೈಪಿಡಿಯನ್ನು ಹುಡುಕಿದೆವು. ಅದರಲ್ಲಿ ದೀಪಗಳ ಪಟ್ಟಿ ಎಂದು ಒಂದು ಪುಟ ಇತ್ತು. ಆ ಕೆಂಪು ದೀಪಕ್ಕೆ ಅಲ್ಲಿ ಕೊಟ್ಟ ಅರ್ಥ: ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲ, ಸಂಪರ್ಕ ಕೊಟ್ಟವರಿಗೆ ತಿಳಿಸಿ. ರೀಸೆಟ್ ಮಾಡಿ ಎಂದು ಎಲ್ಲೂ ಇರಲಿಲ್ಲ. ಅಕ್ಕ, "ನೋಡು ಪುಟ್ಟಿ, ಈ ಒಂದು ಪುಟ ಗೋಡೆ ಮೇಲೆ ಇದ್ದಿದ್ರೆ ಎಷ್ಟು ಜನಕ್ಕೆ ಅಲೆದಾಟ ತಪ್ಪುತ್ತಿತ್ತು" ಅಂದರು.

ಮೊದಲು ಡಬ್ಬಿಯನ್ನು ಮಗುಚಿ ನೋಡಿ

ಪುಸ್ತಕ ಹುಡುಕುವ ಕೆಲಸ ಡಬ್ಬಿಯ ಬೆನ್ನಿನಿಂದಲೇ ಶುರುವಾಗುತ್ತದೆ. ಅಲ್ಲಿ ಅಂಟಿಸಿದ ಚೀಟಿಯಲ್ಲಿ ಸಾಮಾನ್ಯವಾಗಿ ಇವು ಇರುತ್ತವೆ.

1. ಮಾಡೆಲ್ ನಂಬರ್. ಕಂಪನಿಯ ಹೆಸರು ಮಾತ್ರ ಸಾಲದು. ಒಂದೇ ಕಂಪನಿ ನೂರಾರು ಬಗೆಯ ರೂಟರ್ ಮಾಡುತ್ತದೆ.

2. ಹಾರ್ಡ್‌ವೇರ್ ವರ್ಷನ್. ವಿ1, ವಿ2, ವಿ3 ಎಂದು ಸಣ್ಣಗೆ ಬರೆದಿರುತ್ತದೆ. ತುಂಬಾ ಜನ ಬಿಟ್ಟುಬಿಡುವುದು ಇದನ್ನೇ.

3. ಮ್ಯಾಕ್ ವಿಳಾಸ. ಇದು ಡಬ್ಬಿಯ ಹುಟ್ಟುಗುರುತು ಇದ್ದ ಹಾಗೆ. 0ಯಿಂದ 9 ಮತ್ತು ಎ ಯಿಂದ ಎಫ್ ತನಕದ ಗುರುತುಗಳಲ್ಲಿ ಒಟ್ಟು 12 ಇರುತ್ತವೆ. ಮೊದಲ 6 ಗುರುತುಗಳು ತಯಾರಿಸಿದವರನ್ನು ಸೂಚಿಸುತ್ತವೆ.

4. ವಿದ್ಯುತ್ತಿನ ಲೆಕ್ಕ. 9 ವೋಲ್ಟ್ ಅಥವಾ 12 ವೋಲ್ಟ್ ಎಂದು ಇರುತ್ತದೆ. 9 ವೋಲ್ಟ್ ಡಬ್ಬಿಗೆ 12 ವೋಲ್ಟ್ ಅಡಾಪ್ಟರ್ ಸಿಕ್ಕಿಸಿದರೆ ಸುಟ್ಟುಹೋಗಬಹುದು.

5. ಒಳಗೆ ಹೋಗುವ ವಿಳಾಸ. ಹಲವು ರೂಟರ್‌ಗಳಲ್ಲಿ ಇದು 192.168.0.1 ಅಥವಾ 192.168.1.1 ಆಗಿರುತ್ತದೆ. ಕಂಪ್ಯೂಟರ್‌ನಲ್ಲಿ ಇದನ್ನು ಟೈಪ್ ಮಾಡಿದರೆ ರೂಟರ್‌ನ ಪುಟ ತೆರೆಯುತ್ತದೆ.

ವರ್ಷನ್ ಅಷ್ಟೊಂದು ಮುಖ್ಯವೇ ಅಂತ ಕೇಳಬಹುದು. ಅಮೆರಿಕದ ಲಿಂಕ್‌ಸಿಸ್ ಕಂಪನಿ 2002ರಲ್ಲಿ ಡಬ್ಲ್ಯುಆರ್‌ಟಿ54ಜಿ ಎಂಬ ರೂಟರ್ ತಂದಿತು. ನೀಲಿ ಕಪ್ಪು ಬಣ್ಣದ ಈ ಡಬ್ಬಿ ಬಹಳ ಹೆಸರು ಮಾಡಿತು. ಅದರ 4ನೇ ವರ್ಷನ್‌ನಲ್ಲಿ ಕೆಲಸದ ನೆನಪು 16 ಮೆಗಾಬೈಟ್, ಬರೆದಿಡುವ ಜಾಗ 4 ಮೆಗಾಬೈಟ್ ಇದ್ದವು. 2005ರಲ್ಲಿ 5ನೇ ವರ್ಷನ್ ಬಂದಾಗ ಇವು 8 ಮತ್ತು 2ಕ್ಕೆ ಇಳಿದವು. ಒಳಗಿನ ಮೂಲ ತಂತ್ರಾಂಶವೂ ಲಿನಕ್ಸ್ ಹೋಗಿ ವಿಎಕ್ಸ್‌ವರ್ಕ್ಸ್ ಆಯಿತು. ಹೊರಗಿನ ರೂಪ, ಹೆಸರು ಎಲ್ಲ ಅದೇ! 4ನೇ ವರ್ಷನ್‌ಗೆ ಬರೆದ ತಂತ್ರಾಂಶವನ್ನು 5ನೆಯದಕ್ಕೆ ತುಂಬಲು ಹೋದರೆ ಹೇಗೆ ಹಿಡಿದೀತು? ಅವಳಿ ಮಕ್ಕಳಲ್ಲಿ ಒಬ್ಬನಿಗೆ ಕೊಟ್ಟ ಔಷಧಿಯನ್ನು ಇನ್ನೊಬ್ಬನಿಗೆ ಕುಡಿಸಿದ ಹಾಗೆ ಅದು.

ಪುಸ್ತಕದಲ್ಲೂ ಜಾತಿಗಳಿವೆ

ರೂಟರ್‌ನ ಪುಸ್ತಕ ಅಂದರೆ ಒಂದೇ ಅಲ್ಲ.

ಡಬ್ಬಿಯ ಜೊತೆ ಬರುವ ಮಡಿಸಿದ ಹಾಳೆ ಕ್ವಿಕ್ ಗೈಡ್. ಯಾವ ತಂತಿ ಯಾವ ತೂತಿಗೆ ಎಂಬ ಚಿತ್ರ ಇದರಲ್ಲಿದೆ. ಮೊದಲ ದಿನಕ್ಕೆ ಇದು ಸಾಕು.

ಯೂಸರ್ ಗೈಡ್ ದೊಡ್ಡದು. ಪ್ರತಿಯೊಂದು ಪುಟ, ಗುಂಡಿ, ದೀಪದ ವಿವರ ಇದರಲ್ಲೇ ಇರುವುದು. ಏನಾದರೂ ಕೆಟ್ಟಾಗ ನೋಡಬೇಕಾದ್ದು ಇದನ್ನು.

ಡೇಟಾಶೀಟ್ ಎಂಬುದು ಕೊಳ್ಳುವವರಿಗಾಗಿ. ವೇಗ, ತೂಕ, ಅಳತೆ ಹೇಳುತ್ತದೆ. ಇದನ್ನು ಓದಿ ರೂಟರ್ ಜೋಡಿಸಲು ಆಗದು.

ರಿಲೀಸ್ ನೋಟ್ಸ್ ಎಂಬ ಚಿಕ್ಕ ಕಾಗದವು ಹೊಸ ತಂತ್ರಾಂಶದಲ್ಲಿ ಏನು ಬದಲಾಯಿತು, ಯಾವ ದೋಷ ಸರಿಹೋಯಿತು ಎಂದು ಹೇಳುತ್ತದೆ. ಪುಸ್ತಕದ ಚಿತ್ರಕ್ಕೂ ನಮ್ಮ ಪರದೆಗೂ ಹೊಂದದೆ ಇದ್ದರೆ ತಂತ್ರಾಂಶದ ಸಂಖ್ಯೆಯನ್ನು ಹೋಲಿಸಿ ನೋಡಬೇಕು.

ದೊಡ್ಡ ಕಚೇರಿಗಳ ರೂಟರ್‌ಗಳಿಗೆ, ಉದಾಹರಣೆಗೆ 1984ರಲ್ಲಿ ಶುರುವಾದ ಸಿಸ್ಕೋ ಕಂಪನಿಯವಕ್ಕೆ, ಇನ್ನೂ ಎರಡು ಪುಸ್ತಕಗಳಿವೆ. ಕಾನ್ಫಿಗರೇಷನ್ ಗೈಡ್‌ನಲ್ಲಿ ಕೆಲಸ ಮಾಡುವ ಕ್ರಮವಿದೆ. ಕಮಾಂಡ್ ರೆಫರೆನ್ಸ್‌ನಲ್ಲಿ ಒಂದೊಂದು ಆಜ್ಞೆಯ ಅರ್ಥವಿದೆ. ಒಂದು ವ್ಯಾಕರಣದ ಪಾಠ ಇದ್ದಂತೆ, ಇನ್ನೊಂದು ನಿಘಂಟು ಇದ್ದಂತೆ. ನಿಘಂಟು ಹಿಡಿದು ಪ್ರಬಂಧ ಕಲಿಯಲು ಹೊರಟರೆ ಕಷ್ಟ.

ಎಲ್ಲಿ ಹುಡುಕಬೇಕು?

ಅ) ಮೊದಲು ರಟ್ಟಿನ ಪೆಟ್ಟಿಗೆಯಲ್ಲಿ. ಪೆಟ್ಟಿಗೆಯನ್ನು ಎಸೆಯಬೇಡಿ.

ಆ) ಆಮೇಲೆ ತಯಾರಿಸಿದ ಕಂಪನಿಯ ಸ್ವಂತ ತಾಣದಲ್ಲಿ, ಸಪೋರ್ಟ್ ಎಂಬ ವಿಭಾಗದಲ್ಲಿ. ಅಲ್ಲಿ ಮಾಡೆಲ್ ಆರಿಸಿ, ಬಳಿಕ ವರ್ಷನ್ ಆರಿಸಬೇಕು. ದೇಶ ಕೇಳಿದರೆ ಭಾರತ ಎಂದೇ ಕೊಡಬೇಕು.

ಇ) ಸುಮ್ಮನೆ ಹೆಸರು ಟೈಪ್ ಮಾಡಿ ಮೊದಲು ಬಂದದ್ದನ್ನು ತೆರೆಯಬಾರದು. ಬೇರೆಯವರ ತಾಣದಲ್ಲಿ ತಪ್ಪು ಪುಸ್ತಕ ಇರಬಹುದು, ವೈರಸ್ ಕೂಡ ಇರಬಹುದು.

ಈ) ರೂಟರ್ ಹಳೆಯದಾಗಿ ಕಂಪನಿ ಆ ಪುಟವನ್ನೇ ತೆಗೆದಿದ್ದರೆ, 1996ರಲ್ಲಿ ಶುರುವಾದ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಹಳೆಯ ಪುಟಗಳ ಪ್ರತಿ ಸಿಗುವ ಸಾಧ್ಯತೆ ಇದೆ.

ನೆಟ್ ಇಲ್ಲದಾಗ ನೆಟ್‌ನಲ್ಲಿ ಪುಸ್ತಕ ಹುಡುಕುವುದು ಹೇಗೆ? ಆಗದು. ಆದ್ದರಿಂದ ಎಲ್ಲ ಸರಿ ಇರುವಾಗಲೇ ಇಳಿಸಿಕೊಂಡು, ದೀಪಗಳ ಪುಟವನ್ನಾದರೂ ಅಚ್ಚು ಹಾಕಿಸಿ ಇಡಬೇಕು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಫಲ!

ಕಂಪನಿ ಬರೆಯದ ಒಂದು ಪುಟ

ಎಷ್ಟೇ ಒಳ್ಳೆಯ ಕೈಪಿಡಿ ಸಿಕ್ಕರೂ ಅದರಲ್ಲಿ ಇರದ ಒಂದು ಪುಟ ಇದೆ. ಅದು ನಮ್ಮ ಸಂಪರ್ಕದ ವಿವರ. ಅದನ್ನು ನಾವೇ ಬರೆಯಬೇಕು. ನಾನು ಕಂಡ ಕಡೆ ಇಲ್ಲದೇ ಹೋದದ್ದು ಈ ಪುಟವೇ. ಅದಕ್ಕಾಗಿ ಒಂದು ನೋಟ್‌ಬುಕ್ ಮಾಡಿ ಹೀಗೆ ಬರೆಯಬಹುದು: ಮಾಡೆಲ್ ಮತ್ತು ವರ್ಷನ್, ತಂತ್ರಾಂಶದ ಸಂಖ್ಯೆ, ಸಂಪರ್ಕ ಕೊಟ್ಟವರ ದೂರು ನಂಬರ್, ಸಂಪರ್ಕದ ಬಗೆ, ಅವರು ಕೊಟ್ಟ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್, ವೈಫೈ ಹೆಸರು, ಯಾವ ತಂತಿ ಎಲ್ಲಿಗೆ ಹೋಗಿದೆ ಎಂಬ ಚಿತ್ರ, ಯಾವ ದಿನ ಏನು ಬದಲಾಯಿಸಲಾಯಿತು, ಯಾರು ಬದಲಾಯಿಸಿದರು.

ಪಾಸ್‌ವರ್ಡ್ ಇರುವ ನೋಟ್‌ಬುಕ್ ಬೀರುವಿನಲ್ಲಿ ಬೀಗದೊಳಗೆ ಇರಬೇಕು. ದೀಪಗಳ ಪುಟ ಮಾತ್ರ ಗೋಡೆ ಮೇಲೆ.

ಇನ್ನೊಂದು ಮಾತು. ಕಂಪನಿಯಿಂದ ಬಂದ ಮೊದಲ ಪಾಸ್‌ವರ್ಡ್ ಆ ಕೈಪಿಡಿ ಓದಿದ ಎಲ್ಲರಿಗೂ ಗೊತ್ತಾಗುವಂಥದ್ದಾದರೆ ಅದನ್ನು ಮೊದಲ ದಿನವೇ ಬದಲಾಯಿಸಬೇಕು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಹೀಗೆ ಬದಲಾಯಿಸದೆ ಬಿಟ್ಟ ಕ್ಯಾಮೆರಾ, ರೂಟರ್ ಮುಂತಾದವುಗಳೊಳಗೆ ನುಗ್ಗಿತು. ಆ ವರ್ಷದ ಅಕ್ಟೋಬರ್ 21ರಂದು ಅವುಗಳನ್ನೆಲ್ಲ ಸೇರಿಸಿ ದಾಳಿ ಮಾಡಿದ್ದರಿಂದ ಅಮೆರಿಕದಲ್ಲಿ ಟ್ವಿಟರ್ ಮುಂತಾದ ತಾಣಗಳೇ ಗಂಟೆಗಟ್ಟಲೆ ಸಿಗಲಿಲ್ಲ.

ಕನ್ನಡದಲ್ಲಿ ಅರ್ಥ ಬರೆದುಕೊಳ್ಳಿ

ನಾವು ನೋಡಿದ ಕೈಪಿಡಿ ಇಂಗ್ಲಿಷಿನಲ್ಲಿತ್ತು. ಹೆದರಬೇಕಾಗಿಲ್ಲ, ಅವೇ ಮಾತುಗಳು ಮತ್ತೆ ಮತ್ತೆ ಬರುತ್ತವೆ. ನಾನು ಬರೆದುಕೊಂಡದ್ದು ಇವು.

ವ್ಯಾನ್: ಹೊರಗಿನಿಂದ ನೆಟ್ ಬರುವ ತೂತು.
ಲ್ಯಾನ್: ಒಳಗಿನ ಕಂಪ್ಯೂಟರ್‌ಗಳಿಗೆ ಹೋಗುವ ತೂತು.
ಎಸ್‌ಎಸ್‌ಐಡಿ: ವೈಫೈನ ಹೆಸರು.
ಡೀಫಾಲ್ಟ್: ಕಂಪನಿಯಿಂದ ಬರುವಾಗಲೇ ಇದ್ದದ್ದು.
ಫರ್ಮ್‌ವೇರ್: ಡಬ್ಬಿಯೊಳಗಿನ ತಂತ್ರಾಂಶ.
ಡಿಎಚ್‌ಸಿಪಿ: ಒಳಗಿನ ಕಂಪ್ಯೂಟರ್‌ಗಳಿಗೆ ವಿಳಾಸ ಹಂಚುವ ಕೆಲಸ.
ರೀಸ್ಟಾರ್ಟ್: ಆರಿಸಿ ಮತ್ತೆ ಹಚ್ಚುವುದು. ಸ್ಲೇಟನ್ನು ಚೀಲದಲ್ಲಿಟ್ಟು ಮತ್ತೆ ತೆಗೆದ ಹಾಗೆ, ಉಳಿಸಿದ ಬರಹ ಹಾಗೇ ಇರುತ್ತದೆ.
ರೀಸೆಟ್: ಸ್ಲೇಟನ್ನು ಒದ್ದೆ ಬಟ್ಟೆಯಿಂದ ಒರೆಸಿದ ಹಾಗೆ, ನಾವು ಬರೆದದ್ದು ಹೋಯಿತು.

ಕೊನೆಯ ಎರಡು ಮಾತುಗಳ ವ್ಯತ್ಯಾಸ ತಿಳಿದರೆ ಅರ್ಧ ಗಂಡಾಂತರ ತಪ್ಪಿದ ಹಾಗೆ.

ನಿಮಗಿದು ಗೊತ್ತೇ?

ಇಂದಿನ ರೂಟರ್‌ನ ಅಜ್ಜ ಹುಟ್ಟಿದ್ದು 1969ರಲ್ಲಿ, ಅಮೆರಿಕದಲ್ಲಿ. ಅದರ ಹೆಸರು ಐಎಂಪಿ. ಗಾತ್ರ ಫ್ರಿಜ್‌ನಷ್ಟು! ಅದೇ ವರ್ಷ ಏಪ್ರಿಲ್ 7ರಂದು ಸ್ಟೀವ್ ಕ್ರಾಕರ್ ಎಂಬ ವಿದ್ಯಾರ್ಥಿ, ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡುವ ಬಗೆಯನ್ನು ಕುರಿತು ಒಂದು ಟಿಪ್ಪಣಿ ಬರೆದು ಎಲ್ಲರಿಗೂ ಹಂಚಿದರು. ಅಂಥ ಟಿಪ್ಪಣಿಗಳಿಗೆ ಆರ್‌ಎಫ್‌ಸಿ ಎನ್ನುತ್ತಾರೆ. "ನಿಮ್ಮ ಅಭಿಪ್ರಾಯ ಹೇಳಿ" ಎಂದು ಅದರ ಅರ್ಥ. ಈಗ ಅವು 9000ಕ್ಕೂ ಹೆಚ್ಚಾಗಿವೆ, ಯಾರು ಬೇಕಾದರೂ ಹಣ ಕೊಡದೆ ಓದಬಹುದು. ಮೇಲೆ ಹೇಳಿದ 192.168ರ ನಿಯಮ 1918ನೇ ಆರ್‌ಎಫ್‌ಸಿ. ಯಾವ ಕಂಪನಿಯ ರೂಟರ್ ಆದರೂ ಈ ನಿಯಮಗಳನ್ನು ಪಾಲಿಸುವುದರಿಂದಲೇ ಒಂದಕ್ಕೊಂದು ಮಾತಾಡುತ್ತವೆ.

ಉತ್ತರಿಸಿ ನೋಡೋಣ

1. ಮಾಡೆಲ್ ಒಂದೇ ಇದ್ದರೂ ಪುಸ್ತಕ ಬೇರೆಯಾಗಬಹುದು, ಯಾಕೆ?
2. ಕೆಂಪು ದೀಪ ಬಂದರೆ ಮೊದಲು ನೋಡಬೇಕಾದದ್ದು ಯಾವ ಪುಟ?
3. ನಿಮ್ಮ ಮನೆಯಲ್ಲಿ ರೂಟರ್ ಇದ್ದರೆ, ದೊಡ್ಡವರನ್ನು ಕೇಳಿ ಅದರ ಬೆನ್ನಿನ ಚೀಟಿಯಿಂದ ಮಾಡೆಲ್ ಮತ್ತು ವರ್ಷನ್ ಬರೆದು ತನ್ನಿ. ಪಾಸ್‌ವರ್ಡ್ ಬರೆಯಬೇಡಿ.

ಉತ್ತರಗಳು ಮುಂದಿನ ಸಂಚಿಕೆಯಲ್ಲಿ. ಗುರುಗಳು ಒಪ್ಪಿದರೆ ನಮ್ಮ ಶಾಲೆಯ ರೂಟರ್ ನೋಟ್‌ಬುಕ್‌ಗೆ ರಟ್ಟು ಹಾಕಿ, ದುಂಡಗೆ ಹೆಸರು ಬರೆದುಕೊಡಲು ನಾನು ಸಿದ್ಧ.